ಸಮುದ್ರಕ್ಕೆ ಒಯ್ದ ಖಣ

ನಮ್ಮಪ್ಪ ತನ್ನ ನಾಲ್ಕು ಹೆಣ್ಣುಮಕ್ಕಳನ್ನು ನಾಲ್ಕು ತಾಲ್ಲೂಕಿಗೆ ಹಂಚಿಬಿಟ್ಟ. ದೊಡ್ಡಕ್ಕನನ್ನು ಬಸವನ ಬಾಗೇವಾಡಿಗೆ, ಸಣ್ಣಕ್ಕನನ್ನು ಮುದ್ದೇಬಿಹಾಳಕ್ಕೆ, ನನ್ನನ್ನು ಇಂಡಿಗೆ, ಕೊನೆಯ ತಂಗಿಯನ್ನು ಸಿಂದಗಿಗೆ ಕೊಟ್ಟ. ಮನಸ್ಸಿದ್ದರೆ ಮುಂಜಾನೆ ಬಸ್ಸು ಹತ್ತಿ ಊಟದ ಹೊತ್ತಿಗೆ ಒಬ್ಬರ ಮನೆಗೆ ಇನ್ನೊಬ್ಬರು ಹೋಗಬಹುದು. ಮನಸ್ಸಿಲ್ಲದಿದ್ದರೆ ವರ್ಷಗಟ್ಟಲೆ ಮುಖ ನೋಡದೆಯೂ ಇರಬಹುದು. ಇಂಥ ನಾವು ನಾಲ್ವರು ಒಂದೇ ವಿಮಾನದಲ್ಲಿ ಕುಳಿತು ಸಮುದ್ರ ದಾಟಿ ಬಾಲಿ ದ್ವೀಪಕ್ಕೆ ಹೋಗಿ ಬಂದೆವು. ಹೋಗಿ ಬಂದು ತಿಂಗಳುಗಳೇ ಆದರೂ ಆ ದ್ವೀಪದ ಹೆಸರು ಎತ್ತಿದರೆ ನನ್ನ ದನಿ ತಾನೇ ಏರುತ್ತದೆ. ನಮ್ಮ ಮನೆಯವರು ಟಿವಿಯ ಸೌಂಡು ಹೆಚ್ಚು ಮಾಡುತ್ತಾರೆ. ಮಾಡಲಿ, ನಾನು ಇನ್ನೂ ಜೋರಾಗಿ ಹೇಳುತ್ತೇನೆ.

ಹೋಗಲು ಹೊರಟಿದ್ದು ದ್ವೀಪ ನೋಡಬೇಕೆಂಬ ಆಸೆಯಿಂದ ಮಾತ್ರವಲ್ಲ. ದೊಡ್ಡಕ್ಕನೂ ಸಣ್ಣಕ್ಕನೂ ಮಾತು ಬಿಟ್ಟಿದ್ದರು. ಅದನ್ನು ಮೊದಲು ಹೇಳಬೇಕು.

ಅವ್ವ ತೀರಿಕೊಂಡಾಗ ತಂಗಿಗೆ ಇನ್ನೂ ಹಲ್ಲು ಬಂದಿರಲಿಲ್ಲ. ನಾವು ಹುಟ್ಟಿದ ಊರು ದೇವಣಗಾಂವದ ಮನೆಯಲ್ಲಿ ನಮ್ಮ ತಲೆ ಬಾಚಿದವಳು, ರೊಟ್ಟಿ ಬಡಿದು ಹಾಕಿದವಳು, ತಪ್ಪು ಮಾಡಿದಾಗ ಬೆನ್ನಿಗೆ ಗುದ್ದಿದವಳು ದೊಡ್ಡಕ್ಕ. ಅಪ್ಪನೂ ಹೋದ ಮೇಲೆ ಬಾಗೇವಾಡಿಯ ಅವಳ ಮನೆಯೇ ನಮಗೆ ತವರಾಯಿತು. ಪಂಚಮಿಗೆ ಹೋಗುತ್ತಿದ್ದೆವು. ಹೊರಡುವಾಗ ಅವಳು ನಮ್ಮನ್ನು ಸಾಲಾಗಿ ಕೂರಿಸಿ, ಸೆರಗೊಡ್ಡಿಸಿ, ಅಕ್ಕಿ, ಅರಿಸಿನ ಕೊಂಬು, ಕೊಬ್ಬರಿ ಬಟ್ಟಲು, ಕುಪ್ಪಸದ ಖಣ ಹಾಕಿ ಉಡಿ ತುಂಬುತ್ತಿದ್ದಳು. ಉಡಿ ತುಂಬಿಸಿಕೊಳ್ಳದೆ ತವರಿನಿಂದ ಹೊರಬಿದ್ದರೆ ನಮ್ಮ ಕಡೆಯ ಹೆಣ್ಣಿಗೆ ಊಟ ಮಾಡಿ ಕೈ ತೊಳೆಯದೆ ಎದ್ದಹಾಗೆ ಅನ್ನಿಸುತ್ತದೆ.

ದೊಡ್ಡಕ್ಕನ ಗಂಡ, ನಮ್ಮ ಭಾವ, ತೀರಿಕೊಂಡರು. ಅದಾದ ಮರುವರ್ಷ ಸಣ್ಣಕ್ಕನ ದೊಡ್ಡ ಮಗಳ ಮದುವೆ ಬಂತು. ಮದುಮಗಳಿಗೆ ಉಡಿ ತುಂಬುವ ಹೊತ್ತಿಗೆ ದೊಡ್ಡಕ್ಕ ತಾನು ತಂದ ಖಣ ಹಿಡಿದುಕೊಂಡು ಮುಂದೆ ಹೋದಳು. ಬದನೆಕಾಯಿ ಬಣ್ಣದ ಗುಳೇದಗುಡ್ಡ ಖಣ, ಅಂಚಿಗೆ ಹಳದಿ. ಆಗ ಸಣ್ಣಕ್ಕನ ಅತ್ತೆ ಕುಳಿತಲ್ಲಿಂದಲೇ ಕೈ ಅಡ್ಡ ಮಾಡಿ, “ನೀವು ಅಲ್ಲೇ ಕುಂಡ್ರ್ರಿ. ಮುತ್ತೈದೇರು ಬರ್ಲಿ” ಅಂದರು. ಸಣ್ಣಕ್ಕ ಅಕ್ಕಿಯ ತಾಟು ಹಿಡಿದು ಪಕ್ಕದಲ್ಲೇ ನಿಂತಿದ್ದಳು. ತುಟಿ ಪಿಟಕ್ಕೆನ್ನಲಿಲ್ಲ. ದೊಡ್ಡಕ್ಕ ಖಣವನ್ನು ಮಡಚಿ ಚೀಲಕ್ಕೆ ಹಾಕಿದಳು, ಎಲ್ಲರೊಂದಿಗೆ ಉಂಡಳು, ಸಂಜೆಯ ಬಸ್ಸಿಗೆ ಊರಿಗೆ ಹೋದಳು.

ಅಂದಿನಿಂದ ಅವಳು ಯಾರ ಉಡಿಯನ್ನೂ ತುಂಬಲಿಲ್ಲ. ನಾವು ಹೋದರೆ ಸೊಸೆಯನ್ನು ಮುಂದೆ ಮಾಡಿ ತಾನು ಅಡುಗೆಮನೆ ಸೇರುತ್ತಿದ್ದಳು. ಸಣ್ಣಕ್ಕ ಬಾಗೇವಾಡಿಯ ಹೊಸ್ತಿಲನ್ನೇ ತುಳಿಯಲಿಲ್ಲ. ಇಬ್ಬರ ನಡುವೆ ನಾನೇ ಟೆಲಿಫೋನ್ ಎಕ್ಸ್‌ಚೇಂಜ್.

“ಮುದ್ದೇಬಿಹಾಳದಾಕಿಗೆ ಹೇಳು, ಅಪ್ಪನ ಪೂಜಿ ಬರೂ ಸೋಮವಾರ ಐತಿ.”

“ಬಾಗೇವಾಡಿಯವ್ರಿಗೆ ಹೇಳು, ನನಗ ಮೈಯಾಗ ಆರಾಮಿಲ್ಲ, ಬರಾಕ ಆಗೂದಿಲ್ಲ.”

ನನಗೋ ಸಿಟ್ಟು ಮೂಗಿನ ತುದಿಯಲ್ಲೇ. ಹಲವು ಸಲ ಇಬ್ಬರಿಗೂ ಬೈದು ಫೋನ್ ಕುಕ್ಕಿದ್ದೇನೆ. ಅಷ್ಟರಲ್ಲಿ ಸಣ್ಣಕ್ಕನ ಎರಡನೆಯ ಮಗಳ ಮದುವೆಯೂ ಗೊತ್ತಾಯಿತು. ದೊಡ್ಡಕ್ಕ, “ಈ ಸಲ ನಾ ಹೋಗಂಗಿಲ್ಲ” ಅಂದುಬಿಟ್ಟಳು. ಸಣ್ಣಕ್ಕ ನನಗೆ ಫೋನ್ ಮಾಡಿ, “ಆಕಿ ಬರಲಿಲ್ಲಂದ್ರ ಮದುವಿ ಹೆಂಗರೆ ಮಾಡ್ಲೇ? ನನಗ ತವರಂಬೂದ ಇಲ್ದಂಗಾತು” ಎಂದು ಅತ್ತಳು. ಆ ಮದುವೆಗೆ ಮೊದಲೇ ಇವರಿಬ್ಬರು ಮಾತಾಡದಿದ್ದರೆ ಮುಂದೆ ಎಂದೂ ಆಡುವುದಿಲ್ಲ ಎಂದು ನನಗೂ ತಂಗಿಗೂ ಖಾತ್ರಿಯಾಗಿತ್ತು.

ಉಪಾಯ ತಂಗಿಯದು. ಅವಳು ಸಿಂದಗಿಯಲ್ಲಿ ಹೈಸ್ಕೂಲ್ ಮೇಷ್ಟ್ರಮ್ಮ, ಭೂಗೋಳ ಪಾಠ ಮಾಡಿ ಮಾಡಿ ಭೂಮಿಯೆಲ್ಲ ತನ್ನದೇ ಅನ್ನುವ ಹಾಗೆ ಮಾತಾಡುತ್ತಾಳೆ. “ಎದ್ದು ಹೋಗಾಕ ಬಸ್ ಇರಬಾರದು. ಸುತ್ತ ನೀರ ಇರಬೇಕು. ದ್ವೀಪಕ್ಕ ಕರಕೊಂಡ ಹೋಗೂಣು” ಅಂದಳು. ಅಂದವಳೇ ಪಾಸ್‌ಪೋರ್ಟಿನ ಬೆನ್ನು ಹತ್ತಿದಳು. ನಮ್ಮ ಮನೆಯವರು ನಿಂಬೆಯ ತೋಟದಿಂದ ಬಂದು ಈ ಸುದ್ದಿ ಕೇಳಿ, “ನೀರ ನೋಡಾಕ ಅಷ್ಟ ದೂರ ಯಾಕ? ಆಲಮಟ್ಟಿಗೆ ಹೋಗ್ರಿ” ಅಂದರು.

“ಅಲ್ಲಿ ಆಚಿ ದಂಡಿ ಕಾಣತೈತ್ರಿ. ನಮಗ ದಂಡಿ ಕಾಣದ ನೀರ ಬೇಕು” ಅಂದೆ. ನಾನು ಇಷ್ಟು ಚೆನ್ನಾಗಿ ಮಾತಾಡಬಲ್ಲೆ ಎಂದು ನನಗೂ ಗೊತ್ತಿರಲಿಲ್ಲ.

ತಂಗಿ ದೊಡ್ಡಕ್ಕನಿಗೆ ಸಣ್ಣಕ್ಕ ಬರುವುದಿಲ್ಲವೆಂದು ಹೇಳಿದ್ದಳು, ಸಣ್ಣಕ್ಕನಿಗೆ ದೊಡ್ಡಕ್ಕ ಬರುವುದಿಲ್ಲವೆಂದು. ವಿಜಯಪುರದಲ್ಲಿ ನಾವಿಬ್ಬರು ಬೆಂಗಳೂರಿನ ಸ್ಲೀಪರ್ ಬಸ್ಸು ಹತ್ತಿದೆವು. ಬಾಗೇವಾಡಿ ಕಡೆಯಿಂದ ಹೆದ್ದಾರಿಗೆ ಬಂದು ನಿಂತಿದ್ದ ದೊಡ್ಡಕ್ಕ ನಗುನಗುತ್ತ ಹತ್ತಿ ತನ್ನ ಬರ್ತಿನಲ್ಲಿ ಕಾಲು ಚಾಚಿದಳು. ನಿಡಗುಂದಿಯಲ್ಲಿ ಸಣ್ಣಕ್ಕ ಹತ್ತಿದಳು. ಇಬ್ಬರ ಕಣ್ಣು ಕೂಡಿತು. ದೊಡ್ಡಕ್ಕ ಸರ್ರನೆ ಪರದೆ ಎಳೆದುಕೊಂಡು ಒಳಗಿನಿಂದ, “ನನ್ನ ಇಲ್ಲೇ ಇಳಸ್ರಿ” ಅಂದಳು.

“ಟಿಕೇಟ ವಾಪಸ್ ತಗೊಳ್ಳಂಗಿಲ್ಲಕ್ಕಾ. ವಿಮಾನದ್ದೂ ತಗೊಳ್ಳಂಗಿಲ್ಲ” ಎಂದು ತಂಗಿ ಪರದೆಗೆ ಹೇಳಿದಳು.

ಒಣಗಿದ ರೊಟ್ಟಿಯ ಚೂರನ್ನೂ ಎಸೆಯದ ಹೆಂಗಸು ದೊಡ್ಡಕ್ಕ. ಟಿಕೇಟು ಹೇಗೆ ಎಸೆದಾಳು? ಪರದೆ ತೆರೆಯಲಿಲ್ಲ, ಇಳಿಯಲೂ ಇಲ್ಲ. ಮುಂದೆ ಕೃಷ್ಣೆಯ ಸೇತುವೆ ಬಂತು. ಹೊಳೆ ದಾಟುವಾಗ ನಮ್ಮವರು ನಾಣ್ಯ ಎಸೆಯದೆ ಇರುವುದಿಲ್ಲ. ನಾನು ಕಿಟಕಿಯಿಂದ ಕೈ ಹಾಕಿ ನೋಡಿದರೆ ಹಿಂದಿನ ಕಿಟಕಿಯಿಂದ ದೊಡ್ಡಕ್ಕನ ಬಳೆಯಿಲ್ಲದ ಕೈ, ಮುಂದಿನ ಕಿಟಕಿಯಿಂದ ಸಣ್ಣಕ್ಕನ ಹಸಿರು ಬಳೆಯ ಕೈ ಒಂದೇ ಸಲಕ್ಕೆ ಹೊರಬಂದವು. ಕೈಗಳು ಒಂದೇ ಮನೆಯಲ್ಲಿ ಕಲಿತವು. ಬಾಯಿಗಳಿಗೇ ಬೀಗ.

ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ದೊಡ್ಡಕ್ಕನ ಚೀಲ ತೆಗೆಸಿದರು. ಒಣಕೊಬ್ಬರಿ ಒಯ್ಯಲು ಬಿಡುವುದಿಲ್ಲವಂತೆ. ಇಷ್ಟು ದಪ್ಪದ ಎರಡು ಬಟ್ಟಲು. “ಯಾಕ ತಂದಿ ಇದನ್ನ?” ಅಂದೆ. “ಬೇಕಾಗಿತ್ತು” ಅಂದಳು, ಅಷ್ಟೇ. ನಾನು ಕೊಬ್ಬರಿಯನ್ನು ಅಲ್ಲೇ ಒಡೆದು ಬೆಲ್ಲವಿಲ್ಲದೆಯೇ ತಿಂದೆ, ಸಾಲಿನಲ್ಲಿ ನಿಂತವರಿಗೂ ಹಂಚಿದೆ. ವಿಮಾನ ನೆಲ ಬಿಟ್ಟಾಗ ಜೀವ ಬಾಯಿಗೆ ಬಂತು. ಸ್ವಲ್ಪ ಹೊತ್ತಿಗೆ ಕೆಳಗೆ ಮೋಡಗಳು ಹಿಂಜಿದ ಹತ್ತಿಯಂತೆ ಹರಡಿಕೊಂಡವು, ಭಯ ಎಲ್ಲಿ ಹೋಯಿತೋ. ಕಿಟಕಿಗೆ ಮೂಗು ಒತ್ತಿ ಕುಳಿತೆ. ಗಗನಸಖಿ ಊಟ ತಂದರೆ ನಾವು ಜೋಳದ ಕಟಕ ರೊಟ್ಟಿ ಬಿಚ್ಚಿದೆವು. ಕಟಕಟ ಸದ್ದಿಗೆ ಮುಂದಿನ ಸೀಟಿನವರು ತಿರುಗಿ ನೋಡಿದರು.

ದ್ವೀಪಕ್ಕೆ ಕಾಲಿಟ್ಟಾಗ ಮೊದಲು ಬಂದದ್ದು ವಾಸನೆ. ಊದುಬತ್ತಿ, ಹಸಿ ಮಣ್ಣು, ದೇವಕಣಗಿಲೆ ಹೂವು. ಅಲ್ಲಿ ಪ್ರತಿ ಹೊಸ್ತಿಲ ಮುಂದೆ, ಪ್ರತಿ ಅಂಗಡಿಯ ಮುಂದೆ, ರಸ್ತೆಯ ಬದಿಗೆ, ಗರಿಯಿಂದ ಹೆಣೆದ ಅಂಗೈಯಗಲದ ಬುಟ್ಟಿಗಳು. ಒಳಗೆ ಹೂವು, ನಾಲ್ಕು ಕಾಳು ಅನ್ನ, ಮೇಲೊಂದು ಊದುಬತ್ತಿ. ದಿನಾ ಬೆಳಿಗ್ಗೆ ಹೆಂಗಸರು ಬಂದು ಹೊಸದು ಇಡುತ್ತಾರೆ. ದೊಡ್ಡಕ್ಕ ಅವನ್ನು ತುಳಿಯಬಾರದೆಂದು ಸೀರೆ ಎತ್ತಿ ಹಿಡಿದು, ಕುಂಟಾಬಿಲ್ಲೆ ಆಡುವ ಹುಡುಗಿಯಂತೆ ಹಾರಿ ಹಾರಿ ನಡೆದಳು. ನಾನು ನಕ್ಕೆ. ಅವಳು, “ನಗಬ್ಯಾಡ, ಉಣ್ಣೂ ಅನ್ನ ಐತಿ ಅದರಾಗ” ಎಂದು ಗದರಿಸಿದಳು.

ಮರುದಿನ ನಮ್ಮನ್ನು ಸುತ್ತಾಡಿಸಲು ಒಬ್ಬ ಡ್ರೈವರ್ ಬಂದ. ನಡುವಯಸ್ಸಿನವನು, ಕಿವಿಯ ಮೇಲೊಂದು ಬಿಳಿ ಹೂವು. ಹೊಸ ಪ್ರಯಾಣವಲ್ಲವೇ, ನಾನು ಇಂಡಿಯಿಂದ ತಂದಿದ್ದ ನಿಂಬೆಹಣ್ಣುಗಳನ್ನು ತೆಗೆದು ಅವನ ಕಾರಿನ ನಾಲ್ಕೂ ಗಾಲಿಯ ಕೆಳಗಿಟ್ಟೆ. ಆತ ಗಾಬರಿಯಾಗಿ ಇಳಿದು ಬಗ್ಗಿ ನೋಡಿದ. ತಂಗಿ ಇಂಗ್ಲಿಷಿನಲ್ಲಿ ಏನೋ ವಿವರಿಸಿದಳು. ಆತ ಜೋರಾಗಿ ನಕ್ಕು ಡ್ಯಾಶ್‌ಬೋರ್ಡಿನ ಮೇಲೆ ತಾನು ಇಟ್ಟಿದ್ದ ಹೂವಿನ ಬುಟ್ಟಿ ತೋರಿಸಿದ. ಆಮೇಲೆ ಗಾಡಿಯನ್ನು ಮೆಲ್ಲಗೆ ಮುಂದೆ ಬಿಟ್ಟ. ನಮ್ಮ ಇಂಡಿಯ ನಿಂಬೆ ಪಿಚಕ್ಕೆಂದಿತು. ನನಗೆ ನೆಮ್ಮದಿಯಾಯಿತು.

ಆ ಹಸಿರನ್ನು ಹೇಗೆ ಹೇಳಲಿ! ನಮ್ಮದು ಕರಿ ನೆಲ. ಹಸಿರು ಬಂದರೂ ನಾಲ್ಕು ತಿಂಗಳ ನೆಂಟ. ಅಲ್ಲಿ ಗುಡ್ಡದ ತುದಿಯಿಂದ ಬುಡದವರೆಗೆ ಮೆಟ್ಟಿಲು ಕಡಿದಹಾಗೆ ಗದ್ದೆಗಳು. ಮೇಲಿನ ಗದ್ದೆಯ ನೀರು ಕೆಳಗಿನದಕ್ಕೆ, ಅದರದು ಇನ್ನೂ ಕೆಳಗಿನದಕ್ಕೆ ಗುಳುಗುಳು ಇಳಿಯುತ್ತದೆ. ಯಾರಿಗೆ ಯಾವಾಗ ಎಷ್ಟು ನೀರು ಎಂಬುದನ್ನು ಊರವರು ಗುಡಿಯಲ್ಲಿ ಕೂತು ತೀರ್ಮಾನಿಸುತ್ತಾರಂತೆ. ನಮ್ಮ ಕಾಲುವೆಯ ಕೊನೆಯ ಹಳ್ಳಿಗೆ ನೀರು ಮುಟ್ಟುವಷ್ಟರಲ್ಲಿ ಎಷ್ಟು ಜಗಳ ಆಗುತ್ತದೆಂದು ಬಲ್ಲ ಸಣ್ಣಕ್ಕ ಬದುವಿನ ಮೇಲೆ ಕುಳಿತು ಆ ನೀರನ್ನೇ ನೋಡಿದಳು. ನಾನು ಚಪ್ಪಲಿ ಕೈಯಲ್ಲಿ ಹಿಡಿದು ಕೆಸರಿಗಿಳಿದೆ. ತಂಗಿ ಫೋಟೊ ತೆಗೆದದ್ದೇ ತೆಗೆದದ್ದು.

ಮಧ್ಯಾಹ್ನ ಬೆಂಕಿಪರ್ವತದ ಎದುರಿಗೆ ಕೂತು ಬುತ್ತಿ ಬಿಚ್ಚಿದೆವು. ಕೆಳಗೆ ನೀಲಿ ಕೆರೆ, ಮೇಲೆ ಸುಟ್ಟ ಕಪ್ಪು ಗುಡ್ಡ, ತಲೆಯ ಮೇಲೆ ಮೋಡದ ರುಮಾಲು. ಡ್ರೈವರನಿಗೂ ರೊಟ್ಟಿ, ಅಗಸಿ ಚಟ್ನಿ ಕೊಟ್ಟೆವು. ಆತ ಮೂಗಿನಲ್ಲಿ ನೀರು ಸುರಿಸುತ್ತ ಮತ್ತೆ ಕೈಯೊಡ್ಡಿದ. ದೊಡ್ಡಕ್ಕ ಒಂದು ಚೂರು ಬಾಯಿಗೆ ಹಾಕಿಕೊಂಡು ನನ್ನ ಕಡೆ ತಿರುಗಿ, “ಚಟ್ನ್ಯಾಗ ಉಪ್ಪ ಕಮ್ಮಿ ಆಗೈತಿ ಅಂತ ಹೇಳು ಮಾಡಿದಾಕಿಗೆ” ಅಂದಳು. ಮಾಡಿದಾಕೆ ಒಂದು ಗೇಣು ದೂರದಲ್ಲಿ ಕುಳಿತಿದ್ದಳು. “ಉಪ್ಪ ಬೇಕಾದವ್ರು ಹಾಕ್ಕೊಳ್ಳಿ ಅಂತ ಹೇಳು” ಅಂದಳು ಅವಳು. ಹೇಳುವುದೇನು ಬಂತು, ನಾನು ಬಾಯಿ ತುಂಬ ರೊಟ್ಟಿ ಹಾಕಿಕೊಂಡೆ.

ಅಲ್ಲೇ ಡ್ರೈವರ್ ಈ ದ್ವೀಪ ಹುಟ್ಟಿದ ಕತೆ ಹೇಳಿದ. ತಂಗಿ ಕನ್ನಡ ಮಾಡಿದಳು. ಹಿಂದೆ ಇದು ದ್ವೀಪವಾಗಿರಲಿಲ್ಲವಂತೆ, ಪಕ್ಕದ ದೊಡ್ಡ ನೆಲಕ್ಕೇ ಅಂಟಿಕೊಂಡಿತ್ತಂತೆ. ಒಬ್ಬ ತಪಸ್ವಿ, ಅವನಿಗೊಬ್ಬ ಜೂಜುಕೋರ ಮಗ. ಅಪ್ಪ ಈ ಬೆಟ್ಟದ ಕಡೆ ಬಂದು ವಾಸುಕಿ ಎಂಬ ಸರ್ಪವನ್ನು ಬೇಡಿ ರತ್ನಗಳನ್ನು ಪಡೆಯುತ್ತಿದ್ದ. ಆಸೆಗೆ ಬಿದ್ದ ಮಗ ಕದ್ದು ಬಂದು ಸರ್ಪದ ಬಾಲವನ್ನೇ ಕತ್ತರಿಸಿದ. ಬಾಲದ ತುದಿಯಲ್ಲಿ ಮಣಿಯಿತ್ತು. ಸರ್ಪ ಸಿಟ್ಟಾಗಿ ಅವನನ್ನು ಸುಟ್ಟು ಬೂದಿ ಮಾಡಿತು. ಅಪ್ಪ ಓಡಿ ಬಂದು ಕಾಲಿಗೆ ಬಿದ್ದ, ಬಾಲವನ್ನು ಕೂಡಿಸಿಕೊಟ್ಟ. ಸರ್ಪ ಕರಗಿ ಮಗನನ್ನು ಬದುಕಿಸಿತು. ಇನ್ನು ನೀನು ಇಲ್ಲೇ ಇದ್ದು ಒಳ್ಳೆಯದನ್ನು ಕಲಿ ಎಂದು ಮಗನನ್ನು ಬಿಟ್ಟು ಹೊರಟ ಅಪ್ಪ, ಅವನು ಹಿಂದೆ ಬರಬಾರದೆಂದು ಕೈಯ ಕೋಲಿನಿಂದ ನೆಲದ ಮೇಲೆ ಒಂದು ಗೆರೆ ಎಳೆದ. ಗೆರೆಯಗುಂಟ ಭೂಮಿ ಬಿರಿಯಿತು. ಎರಡೂ ಕಡೆಯಿಂದ ಸಮುದ್ರ ನುಗ್ಗಿತು. ಅಪ್ಪ ಆ ದಂಡೆ, ಮಗ ಈ ದಂಡೆ.

ನನಗೆ ಮೈ ಜುಮ್ಮೆಂದಿತು. ಸಮುದ್ರ ಮಂಥನದ ಹಗ್ಗವಾಗಿದ್ದ ನಮ್ಮ ವಾಸುಕಿ ಇಲ್ಲಿ ಬಂದು ಬೆಟ್ಟದ ಬುಡದಲ್ಲಿ ಮನೆ ಮಾಡಿಕೊಂಡಿದ್ದಾನೆ ಅಂದರೆ! ದೊಡ್ಡಕ್ಕ ಮಾತ್ರ ಕೈ ಜಾಡಿಸಿಕೊಂಡು ಎದ್ದಳು.

“ದೂರ ಮಾಡಾಕ ಸಮುದ್ರ ಯಾಕ ಬೇಕು? ಬಾಜೂಕ ನಿಂತು ಸುಮ್ಮಕಿದ್ರ ಸಾಕು.”

ಸಣ್ಣಕ್ಕನ ಕೈಯಲ್ಲಿದ್ದ ರೊಟ್ಟಿ ಹಾಗೇ ನಿಂತಿತು. ತಂಗಿ ಆ ಮಾತನ್ನು ಇಂಗ್ಲಿಷಿಗೆ ತಿರುಗಿಸಲಿಲ್ಲ.

ಸಮುದ್ರ ಕಂಡದ್ದು ಅದರ ಮರುದಿನ. ತಂಗಿ ಶಾಲೆಯ ಮಕ್ಕಳೊಂದಿಗೆ ಪ್ರವಾಸ ಹೋದಾಗ ನೋಡಿದ್ದಳು, ಉಳಿದ ಮೂವರಿಗೆ ಅದೇ ಮೊದಲು. ತೆಂಗಿನ ಮರಗಳ ಸಾಲು ಮುಗಿದು ರಸ್ತೆ ತಿರುಗಿದ್ದೇ ತಡ, ಎದುರಿಗೆ ನೀರೇ ನೀರು. ದಂಡೆಯ ಹತ್ತಿರ ತಿಳಿ ಹಸಿರು, ಆಚೆಗೆ ನವಿಲಿನ ಕತ್ತಿನ ಬಣ್ಣ, ಅದರಾಚೆಗೆ ಎಲ್ಲಿ ನೀರು ಮುಗಿದು ಎಲ್ಲಿ ಆಕಾಶ ಶುರುವಾಯಿತೋ ತಿಳಿಯದು. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಇಲಕಲ್ ಸೀರೆಯಲ್ಲೇ ಓಡಿದೆ. ಮೊದಲ ತೆರೆ ಮೊಣಕಾಲಿಗೆ ಬಂತು, ಎರಡನೆಯದು ಎತ್ತಿ ಕುಕ್ಕರಿಸಿ ಕೂರಿಸಿತು. ಬಾಯಿ, ಮೂಗು, ಕಿವಿಯೆಲ್ಲ ಉಪ್ಪು. ಎದ್ದು ನೋಡಿದರೆ ದಂಡೆಯ ಮೇಲೆ ದೊಡ್ಡಕ್ಕ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಭಾವ ಹೋದ ಮೇಲೆ ಅವಳು ಹಾಗೆ ನಕ್ಕದ್ದನ್ನು ನಾನು ಕಂಡಿರಲಿಲ್ಲ. ಅವಳು ಇನ್ನೊಂದು ಸಲ ನಗಲೆಂದು ನಾನು ಬೇಕೆಂದೇ ಮತ್ತೆ ಬಿದ್ದೆ.

ಸಣ್ಣಕ್ಕನೂ ನಗುತ್ತಿದ್ದಳು. ಇಬ್ಬರ ಮುಖ ಒಂದು ಗಳಿಗೆ ಎದುರಾಯಿತು. ಅಷ್ಟರಲ್ಲಿ ದೊಡ್ಡಕ್ಕ ಸೆರಗಿನಿಂದ ಬಾಯಿ ಒರೆಸಿಕೊಂಡು ಆ ಕಡೆ ತಿರುಗಿದಳು. ನನಗೆ ಬಂದ ಸಿಟ್ಟಿಗೆ ಸಮುದ್ರದ ನೀರನ್ನು ಬೊಗಸೆಯಲ್ಲಿ ತುಂಬಿ ಇಬ್ಬರ ತಲೆಯ ಮೇಲೂ ಸುರಿಯಬೇಕೆನ್ನಿಸಿತು.

ಉಳಿದ ದಿನಗಳೂ ಹೀಗೇ ಕಳೆದವು. ಜಲಪಾತ ನೋಡಿದೆವು, ದೋಣಿ ಹತ್ತಿ ಅದರ ಗಾಜಿನ ತಳದಿಂದ ಬಣ್ಣಬಣ್ಣದ ಮೀನು ನೋಡಿದೆವು. ತೇಲುವಾಗ ಹೊಟ್ಟೆ ತೊಳೆಸಿದರೆ ನನ್ನ ನಿಂಬೆಹಣ್ಣು ಎಲ್ಲರ ಮೂಗಿಗೂ ಹೋಯಿತು. ದೊಡ್ಡಕ್ಕ ಮೂಸಿದ್ದನ್ನೇ ನಾನು ಸಣ್ಣಕ್ಕನಿಗೆ ಕೊಡುತ್ತಿದ್ದೆ. ಮಾತು ಮಾತ್ರ ಹುಟ್ಟಲಿಲ್ಲ. ನಾಳೆ ಊರಿಗೆ ಹೊರಡಬೇಕು ಎನ್ನುವಾಗ ತಂಗಿ ನನ್ನ ಕಿವಿಯಲ್ಲಿ, “ನನ್ನ ಐಡಿಯಾ ಕೈ ಕೊಡ್ತೇನಕ್ಕಾ” ಅಂದಳು. ಆ ದಿನ ಬೆಳಿಗ್ಗೆ ದೊಡ್ಡಕ್ಕ ಪೇಟೆಯಲ್ಲಿ ಒಂದು ತೆಂಗಿನಕಾಯಿ, ಒಂದಿಷ್ಟು ಅಕ್ಕಿ, ವೀಳ್ಯದೆಲೆ ಕೊಂಡು ಚೀಲಕ್ಕೆ ಹಾಕಿಕೊಂಡಳು. ಯಾಕೆಂದು ಕೇಳಿದರೆ ಮತ್ತೆ ಅದೇ, “ಬೇಕಾಗಿತ್ತು.”

ಕೊನೆಗೆ ಹೋದದ್ದು ತಾನಾ ಲೋಟ್ ಎಂಬ ಜಾಗಕ್ಕೆ. ಸಮುದ್ರದೊಳಗೆ ಒಂದು ಕರಿ ಬಂಡೆ, ಅದರ ನೆತ್ತಿಯಲ್ಲಿ ಒಂದರ ಮೇಲೊಂದು ಕೊಡೆ ಜೋಡಿಸಿಟ್ಟ ಹಾಗೆ ಮಾಡುಗಳಿರುವ ಗುಡಿ. ನೀರು ಇಳಿದಾಗ ಅಲ್ಲಿಗೆ ನಡೆದುಕೊಂಡೇ ಹೋಗಬಹುದು. ಏರಿದಾಗ ಅದೊಂದು ಪುಟ್ಟ ದ್ವೀಪ. ತೆರೆಗಳು ಬಂಡೆಗೆ ಬಡಿದು ಬಿಳಿ ನೊರೆಯಾಗಿ ಗುಡಿಯೆತ್ತರಕ್ಕೆ ಚಿಮ್ಮುತ್ತಿದ್ದವು. ನಾನು ಡ್ರೈವರನ ತೋಳು ಹಿಡಿದು, “ಇದರ ಕತಿ ಹೇಳಪಾ” ಎಂದು ಕನ್ನಡದಲ್ಲೇ ಕೇಳಿದೆ. ಅವನಿಗೆ ಅರ್ಥವಾಯಿತು.

ಊರೂರು ತಿರುಗುವ ಒಬ್ಬ ಸಾಧು ಈ ದಂಡೆಗೆ ಬಂದು ಬಂಡೆಯ ಮೇಲೆ ಕುಳಿತನಂತೆ. ಜನ ಅವನ ಮಾತಿಗೆ ಮರುಳಾದರು. ಊರ ಮುಖಂಡನಿಗೆ ಹೊಟ್ಟೆಯುರಿಯಾಯಿತು, ನಮ್ಮ ನೆಲ ಬಿಟ್ಟು ನಡೆ ಅಂದ. ಸಾಧು ಎದ್ದು ಹೋಗಲಿಲ್ಲ. ತಾನು ಕುಳಿತ ಬಂಡೆಯನ್ನೇ ದಂಡೆಯಿಂದ ಸರಿಸಿ ಸಮುದ್ರದ ನಡುವೆ ನಿಲ್ಲಿಸಿದ. ತನ್ನ ಸೊಂಟದ ಪಟ್ಟಿಯನ್ನು ಬಿಚ್ಚಿ ನೀರಿಗೆಸೆದ. ಅದು ಹಾವುಗಳಾಗಿ ಇಂದಿಗೂ ಗುಡಿಯನ್ನು ಕಾಯುತ್ತಿದೆ.

ದೊಡ್ಡಕ್ಕ ಈ ಕತೆಯನ್ನು ಎರಡು ಸಲ ಹೇಳಿಸಿದಳು. “ಹೊರಗ ಹೋಗಂದ್ರ ಹೋಗಲಿಲ್ಲ ನೋಡು. ತಾ ಕುಂತ ಕಲ್ಲ ತಗೊಂಡ ನಡದ. ಗಟ್ಟಿ ಮನಶ್ಯಾ” ಅಂದಳು. ಆಗ ದಂಡೆಯ ಕಡೆ ನೀರು ಇಳಿದು ಪಾದ ಮುಳುಗುವಷ್ಟೇ ಇತ್ತು, ಸೀರೆ ಎತ್ತಿಕೊಂಡು ಎಲ್ಲರಿಗಿಂತ ಮುಂದೆ ನೀರಿಗಿಳಿದಳು.

ಬಂಡೆಯ ಬುಡದಲ್ಲಿ ಸುತ್ತ ಉಪ್ಪುನೀರಿದ್ದರೂ ಒಂದು ಸಿಹಿನೀರಿನ ಸೆಲೆಯಿದೆ. ಬಿಳಿ ಬಟ್ಟೆಯ ಅರ್ಚಕರು ಬಂದವರ ತಲೆಗೆ ಆ ನೀರು ಚಿಮುಕಿಸಿ, ಹಣೆಗೆ ಒದ್ದೆ ಅಕ್ಕಿಕಾಳು ಒತ್ತಿ, ಕಿವಿಗೆ ಹೂ ಸಿಕ್ಕಿಸುತ್ತಾರೆ. ನಮ್ಮ ಸರದಿ ಬಂತು. ಹೂ ಕಂಡಕೂಡಲೇ ದೊಡ್ಡಕ್ಕ ಹಿಂದೆ ಸರಿದಳು. ಅರ್ಚಕರಿಗೆ ಅದೆಲ್ಲಿ ತಿಳಿಯಬೇಕು? ಎಲ್ಲರಿಗೆ ಮಾಡಿದಂತೆ ಅವಳ ಹಣೆಗೂ ಅಕ್ಕಿ ಒತ್ತಿ ಹೂವಿಟ್ಟು ಮುಂದಿನವರನ್ನು ಕರೆದರು. ಅವಳ ಕೈ ಕಿವಿಯ ತನಕ ಹೋಯಿತು. ಹೂವನ್ನು ಮುಟ್ಟಿ ನೋಡಿ ಸುಮ್ಮನೆ ಕೆಳಗಿಳಿಯಿತು.

ನೀರು ಏರತೊಡಗಿತ್ತು. ಹೊರಡಿ ಎಂದು ಕಾವಲಿನವರು ಸೀಟಿ ಊದಿದರು. ಆಗ ದೊಡ್ಡಕ್ಕ ಬಂಡೆಯ ಅಂಚಿಗೆ ಹೋಗಿ ಚೀಲ ಬಿಚ್ಚಿದಳು. ತೆಂಗಿನಕಾಯಿ, ಅಕ್ಕಿ, ಎಲೆ, ಊರಿಂದ ತಂದ ಅರಿಸಿನ ಕೊಂಬು ತೆಗೆದಳು. ಎಲ್ಲದರ ಕೊನೆಗೆ, ಮಡಿಕೆ ಮುರಿಯದ, ಬದನೆಕಾಯಿ ಬಣ್ಣದ, ಹಳದಿ ಅಂಚಿನ ಖಣ ತೆಗೆದಳು.

ಹೊಳೆ ತುಂಬಿದಾಗ ನಮ್ಮಲ್ಲಿ ಹೆಂಗಸರು ಗಂಗವ್ವನಿಗೆ ಉಡಿ ತುಂಬುತ್ತಾರೆ. ಅದಕ್ಕೇ ತಂದಿರಬೇಕು ಎಂದುಕೊಂಡೆ. “ಇದನ್ನ ಯಾಕಕ್ಕಾ?” ಅಂದೆ, ಗೊತ್ತಿದ್ದೂ.

“ಸಮುದ್ರ ಕೇಳಂಗಿಲ್ಲಲಾ, ನೀ ಮುತ್ತೈದಿ ಹೌದೋ ಅಲ್ಲೋ ಅಂತ. ಯಾರರೆ ಒಬ್ರು ತಗೊಳ್ಳಿ ನನ್ನ ಕೈಲೆ.”

ಅವಳು ಖಣವನ್ನು ನೀರಿನ ಕಡೆ ಚಾಚಿದಳು. ಸಣ್ಣಕ್ಕ ನನ್ನನ್ನು ಬದಿಗೆ ತಳ್ಳಿ, ಮೊಣಕಾಲುದ್ದದ ನೀರಿಗೆ ಧುಮುಕಿ, ದೊಡ್ಡಕ್ಕನಿಗೂ ಸಮುದ್ರಕ್ಕೂ ನಡುವೆ ಹೋಗಿ ನಿಂತಳು. ಸೆರಗನ್ನು ಎರಡೂ ಕೈಯಿಂದ ಒಡ್ಡಿದಳು.

“ಅದು ನನ್ನ ಮಗಳದ ಐತಿ. ಸಮುದ್ರಕ್ಕ ಯಾಕ ಕೊಡ್ತಿ? ನನ್ನ ಉಡ್ಯಾಗ ಹಾಕು.”

ದೊಡ್ಡಕ್ಕ ಅವಳ ಮುಖ ನೋಡಿದಳು. ಈ ಸಲ ನನ್ನ ಮೂಲಕ ಹೇಳಲಿಲ್ಲ. “ಅವತ್ತ ನೀ ಅಲ್ಲೇ ನಿಂತಿದ್ದಿ” ಅಂದಳು.

“ನಿಂತಿದ್ನೆಕ್ಕಾ. ಅತ್ತಿಗೆ ಅಂಜಿ ಬಾಯಿ ಬರಲಿಲ್ಲ ನನಗ. ಅವತ್ತಿಂದ ಒಂದ ದಿನಾ ಸರಿಯಾಗಿ ನಿದ್ದಿ ಹತ್ತಿಲ್ಲ.”

“ನಾ ತುಂಬಿದ್ರ ನಿನಗ ಕೆಟ್ಟಾದ್ರ?”

“ನನ್ನ ಲಂಗಾ ಕಟ್ಟಿದಾಕಿ ನೀ. ನಿನ್ನ ಕೈಲೆ ನನಗ ಕೆಟ್ಟಾಗತೈತೇನು? ಹಾಕವ್ವಾ, ನೀರ ಏರಾಕತ್ತೈತಿ.”

ಒಂದು ತೆರೆ ಬಂದು ಸಣ್ಣಕ್ಕನನ್ನು ಸೊಂಟದ ತನಕ ತೋಯಿಸಿತು. ಅವಳು ಸೆರಗನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದಳೇ ಹೊರತು ಬಿಡಲಿಲ್ಲ. ದೊಡ್ಡಕ್ಕ ಖಣವನ್ನು ಅದರೊಳಗಿಟ್ಟಳು. ಅಕ್ಕಿ ಹಾಕಿದಳು, ಅರಿಸಿನ ಕೊಂಬು ಹಾಕಿದಳು. ಅರ್ಧ ಅಕ್ಕಿ ನೀರಿಗೆ ಬಿತ್ತು. ನಾನು, ತಂಗಿ ತಡೆಯುತ್ತೇವೆಯೇ? ನಾವೂ ನೀರಿಗೆ ಹಾರಿ ಸೆರಗೊಡ್ಡಿ ನಿಂತೆವು. ದೊಡ್ಡಕ್ಕ ಅಳುತ್ತ, ಬೈಯುತ್ತ, “ಸರದಿಲೆ ಬರ್ರೆ, ಎಲ್ಲಾದಕ್ಕೂ ಅವಸರ ನಿಮಗ” ಎನ್ನುತ್ತ ಉಳಿದ ಅಕ್ಕಿಯನ್ನು ನಮ್ಮಿಬ್ಬರಿಗೆ ಹಂಚಿದಳು. ಸೀಟಿ ಊದುವವನು ಊದುತ್ತಲೇ ಇದ್ದ. ಸಮುದ್ರವನ್ನೂ ಬರಿಗೈಯಲ್ಲಿ ಕಳಿಸಲಿಲ್ಲ, ತೆಂಗಿನಕಾಯಿ ಅದರ ಪಾಲಿಗೆ ಬಂತು. ನಾಲ್ವರೂ ಕೈ ಹಿಡಿದುಕೊಂಡು ದಂಡೆಗೆ ಬಂದಾಗ ಹಿಂದೆ ದಾರಿ ಮುಚ್ಚಿ ಗುಡಿ ದ್ವೀಪವಾಗಿತ್ತು. ಹೊತ್ತು ಮುಳುಗುತ್ತಿತ್ತು, ನೀರೆಲ್ಲ ಕುಂಕುಮ. ನಾನು ಖುಷಿಗೆ ಡ್ರೈವರನ ಕೈಯನ್ನೇ ಹಿಡಿದು ಕುಣಿಸಿದೆ.

ಊರು ಮುಟ್ಟುವ ತನಕ ಉಡಿ ಬಿಚ್ಚುವ ಹಾಗಿಲ್ಲ ಎಂದು ಸಣ್ಣಕ್ಕ ಹಟ ಹಿಡಿದಳು. ಸೆರಗಿನ ಗಂಟನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಮರುದಿನ ವಿಮಾನ ನಿಲ್ದಾಣಕ್ಕೆ ಬಂದಳು. ತಪಾಸಣೆಯ ಹೆಂಗಸು ಗಂಟನ್ನು ಮುಟ್ಟಿ, ಬಿಚ್ಚು ಎಂದು ಸನ್ನೆ ಮಾಡಿದಳು. ಇಷ್ಟು ವರ್ಷ ಅತ್ತೆಯ ಮುಂದೆ ತುಟಿ ಬಿಚ್ಚದ ನಮ್ಮ ಸಣ್ಣಕ್ಕ ಆ ಖಾಕಿಯವಳಿಗೆ ಮುದ್ದೇಬಿಹಾಳದ ಕನ್ನಡದಲ್ಲೇ, “ನಮ್ಮ ಅಕ್ಕ ತುಂಬ್ಯಾಳ್ರಿ ಇದನ್ನ. ಬಿಚ್ಚಂಗಿಲ್ರಿ” ಎಂದು ಖಡಕ್ಕಾಗಿ ಹೇಳಿದಳು. ತಂಗಿ ಓಡಿ ಬಂದು ತಿಳಿಸಿ ಹೇಳಿದಳು. ಕೊನೆಗೆ ಗಂಟಿನ ಬಾಯಿಯನ್ನು ಬೆರಳಷ್ಟು ಅಗಲಿಸಿ ತೋರಿಸಿದ್ದಾಯಿತು. ಒಳಗೆ ಅಕ್ಕಿ, ಅರಿಸಿನ, ಬಟ್ಟೆ. ಆ ಹೆಂಗಸು ನೋಡಿ, ತಾನೇ ಗಂಟನ್ನು ಬಿಗಿ ಮಾಡಿ ಕಳಿಸಿದಳು. ದೊಡ್ಡಕ್ಕ ಬಾಡಿದ ಹೂವನ್ನು ಕಿವಿಯಲ್ಲಿಟ್ಟುಕೊಂಡೇ ವಿಮಾನ ಹತ್ತಿದಳು.

ಈಗ ಅವರಿಬ್ಬರೂ ದಿನಾ ಫೋನಿನಲ್ಲಿ ಗಂಟೆಗಟ್ಟಲೆ ಮಾತಾಡುತ್ತಾರೆ. ನನಗೆ ಯಾರೂ ಫೋನ್ ಮಾಡುವುದಿಲ್ಲ. ನಾನೇ ಮಾಡಿದರೆ ಎಂಗೇಜ್ ಬರುತ್ತದೆ.

ಸಣ್ಣಕ್ಕನ ಎರಡನೆಯ ಮಗಳ ಮದುವೆ ಮುದ್ದೇಬಿಹಾಳದಲ್ಲಿ ಆಯಿತು. ದೊಡ್ಡ ಮಗಳು ಬದನೆಕಾಯಿ ಬಣ್ಣದ ಹೊಸ ಕುಪ್ಪಸ ತೊಟ್ಟು ಓಡಾಡುತ್ತಿದ್ದಳು. ಉಡಿ ತುಂಬುವ ಹೊತ್ತಾಯಿತು. ಸಣ್ಣಕ್ಕ ಅಕ್ಕಿಯ ತಾಟು ಹಿಡಿದು ಮದುಮಗಳ ಪಕ್ಕದಲ್ಲಿ ನಿಂತಿದ್ದಳು. ಅವಳ ಅತ್ತೆ ಎದುರಿನ ಕುರ್ಚಿಯಲ್ಲಿದ್ದರು. ಹಿಂದಿನ ಸಾಲಿನಲ್ಲಿದ್ದ ದೊಡ್ಡಕ್ಕ ಖಣ ಹಿಡಿದು ಎದ್ದಳು. ಅತ್ತೆಯ ಕೈ ಮೇಲೇಳುವುದನ್ನು ನಾನು ಕಂಡೆ.

“ಅತ್ತೀ, ನೀವು ಅಲ್ಲೇ ಕುಂಡ್ರ್ರಿ” ಅಂದಳು ಸಣ್ಣಕ್ಕ, ಮಂಟಪಕ್ಕೆಲ್ಲ ಕೇಳುವ ಹಾಗೆ. “ಮೊದಲ ನಮ್ಮಕ್ಕ ಬರ್ಲಿ.”

ದೊಡ್ಡಕ್ಕ ಬಂದಳು.